ವಾರದ 156 ತಾಸು

ವಾರಕ್ಕೆ 168 ತಾಸು. ಅದರಲ್ಲಿ ಡಯಾಲಿಸಿಸ್ ಯಂತ್ರದ ಪಾಲು 12, ನಾಲ್ಕು ತಾಸಿನಂತೆ ಮೂರು ಸಲ. ಉಳಿದ 156 ತಾಸು ಮನೆಯದು, ಅಡುಗೆಯದು, ಹೊಲದ್ದು, ಬಸ್ಸಿನದು. ಎರಡೂ ಮೂತ್ರಪಿಂಡ ಕೈಬಿಟ್ಟ ಮೇಲೆ ಮನುಷ್ಯ ಎಷ್ಟು ವರ್ಷ ಬಾಳುತ್ತಾನೆ ಅನ್ನುವುದು ಬಹುಪಾಲು ಈ 156 ತಾಸಿನಲ್ಲಿ ತೀರ್ಮಾನವಾಗುತ್ತದೆ. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನ ಡಯಾಲಿಸಿಸ್ ಘಟಕದಲ್ಲಿ ಸೂಜಿ ಚುಚ್ಚುವ, ತೂಕ ಬರೆದುಕೊಳ್ಳುವ, ಯಂತ್ರ ತೊಳೆಯುವ ಕೆಲಸ ಮಾಡುವ ನಾವು ದಿನಾ ನೋಡುವುದು ಇದನ್ನೇ. ಹೊಸದಾಗಿ ಬಂದವರಿಗೆ ಬಾಯಲ್ಲಿ ಹೇಳಿದರೆ ಅರ್ಧವೂ ತಲೆಗೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಹೆದರಿಕೆಯೇ ದೊಡ್ಡದಾಗಿರುತ್ತದೆ. ಅದಕ್ಕೆ ಮೊದಲಿನಿಂದ ಏನೇನು ಆಗುತ್ತದೆ, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನು ಬರೆದಿಡುತ್ತಿದ್ದೇವೆ.

ಕೈಯಿಂದ ಶುರು ಮಾಡಬೇಕು. ಡಯಾಲಿಸಿಸ್ ಅಂದರೆ ನಿಮಿಷಕ್ಕೆ 250ರಿಂದ 300 ಮಿಲಿ ರಕ್ತವನ್ನು ಮೈಯಿಂದ ಹೊರಗೆ ತಂದು, ಸೋಸಿ, ತಿರುಗಿ ಒಳಗೆ ಬಿಡುವುದು. ಕೈಮೇಲೆ ಕಾಣುವ ನೀಲಿ ನರದಲ್ಲಿ ಅಷ್ಟು ರಕ್ತ ಹರಿಯುವುದಿಲ್ಲ. ಹರಿಯುವ ಅಪಧಮನಿ ಆಳದಲ್ಲಿದೆ, ಅದಕ್ಕೆ ವಾರಕ್ಕೆ ಆರು ಸಲ ದಪ್ಪ ಸೂಜಿ ಚುಚ್ಚಲು ಬರುವುದಿಲ್ಲ. ಹಾಗಾಗಿ ಮಣಿಕಟ್ಟಿನ ಹತ್ತಿರ ಅಪಧಮನಿಗೆ ನೀಲಿ ನರವನ್ನು ಹೊಲಿದು ಜೋಡಿಸುತ್ತಾರೆ. ಜೋರು ಒತ್ತಡದ ರಕ್ತ ನುಗ್ಗಿ ನುಗ್ಗಿ ಆರೆಂಟು ವಾರದಲ್ಲಿ ಆ ನರ ಹಗ್ಗದಂತೆ ಉಬ್ಬುತ್ತದೆ, ಅದರ ಗೋಡೆ ಗಟ್ಟಿಯಾಗುತ್ತದೆ. ಇದೇ ಫಿಸ್ಟುಲಾ. ಸೂಜಿಗೆ ಬಂದಿದೆಯೋ ಇಲ್ಲವೋ ನೋಡಲು ಆರರ ಲೆಕ್ಕವಿದೆ: ನರದ ಅಗಲ 6 ಮಿಲಿಮೀಟರ್ ಇರಬೇಕು, ಚರ್ಮದಿಂದ 6 ಮಿಲಿಮೀಟರಿಗಿಂತ ಆಳದಲ್ಲಿರಬಾರದು, ಹರಿವು ನಿಮಿಷಕ್ಕೆ 600 ಮಿಲಿ ಇರಬೇಕು. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಎಡಗೈಗೆ ಮಾಡುತ್ತಾರೆ.

ಯಂತ್ರ ಮೊದಲು ಬಂತು, ಈ ಕೈ ಆಮೇಲೆ ಬಂತು. 1943ರಲ್ಲಿ ನೆದರ್ಲೆಂಡ್ಸಿನ ಕಾಂಪೆನ್ ಎಂಬ ಊರಿನಲ್ಲಿ ವಿಲೆಮ್ ಕಾಲ್ಫ್ ಎಂಬ ವೈದ್ಯ, ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ ರಕ್ತ ಸೋಸಿದ. ಮೊದಮೊದಲ ರೋಗಿಗಳಲ್ಲಿ ಬಹುತೇಕ ಯಾರೂ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಣ್ಣುಮಗಳು ಉಳಿದಳು, ಅವಳ ಮೂತ್ರಪಿಂಡ ತಾನಾಗಿ ಚೇತರಿಸಿಕೊಂಡಿತು. ಎಂದೂ ಚೇತರಿಸದವರಿಗೆ ಆ ಯಂತ್ರ ಇದ್ದೂ ಇಲ್ಲದಂತೆ. ಪ್ರತಿ ಸಲಕ್ಕೂ ಒಂದೊಂದು ರಕ್ತನಾಳ ಕೊಯ್ದು ಕೊಳವೆ ಹಾಕಬೇಕಿತ್ತು, ನಾಳಗಳು ಮುಗಿದರೆ ಆಯುಷ್ಯವೂ ಮುಗಿಯುತ್ತಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯಲ್ಲೇ ಬಿಡಬಹುದಾದ ಟೆಫ್ಲಾನ್ ಕೊಳವೆ ತಂದ ಮೇಲೆ ಕ್ಲೈಡ್ ಶೀಲ್ಡ್ಸ್ ಎಂಬಾತ ಹನ್ನೊಂದು ವರ್ಷ ಬದುಕಿದ. 1966ರಲ್ಲಿ ಬ್ರೆಶಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ನ್ಯೂಯಾರ್ಕಿನಲ್ಲಿ ಇವತ್ತಿನ ಫಿಸ್ಟುಲಾವನ್ನು ಕೊಟ್ಟರು. ಲಿಂಗಸುಗೂರಿನಲ್ಲೋ ದೇವದುರ್ಗದಲ್ಲೋ ಒಬ್ಬರು ಎಂಟು ಹತ್ತು ವರ್ಷ ಡಯಾಲಿಸಿಸ್ ಮೇಲೆ ಬಾಳಬಹುದು ಅಂದರೆ ಅದು ಆ ಹೊಲಿಗೆಯ ಪುಣ್ಯ.

ನಮ್ಮ ಕಡೆ ಈ ಕೈ ಡಯಾಲಿಸಿಸ್‌ಗೆ ಮೊದಲೇ ಹಾಳಾಗಿರುತ್ತದೆ. ಕಾರಣ ಬಾಟ್ಲಿ, ಅಂದರೆ ನರಕ್ಕೆ ಏರಿಸುವ ಸಲೈನ್. ಸುಸ್ತಾದರೆ ಬಾಟ್ಲಿ, ಜ್ವರಕ್ಕೆ ಬಾಟ್ಲಿ, ಬಿಸಿಲು ಬಡಿದರೆ ಬಾಟ್ಲಿ. ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ಕಸ, ರಕ್ತದಲ್ಲಿ ಏರಿದವರಿಗೆ ಸುಸ್ತು ಹೋಗುವುದಿಲ್ಲ, ಹಾಗಾಗಿ ಅವರೇ ಎಲ್ಲರಿಗಿಂತ ಹೆಚ್ಚು ಏರಿಸಿಕೊಂಡಿರುತ್ತಾರೆ. ಸೂಜಿ ಹೋದ ನರ ಒಳಗೊಳಗೇ ಮುಚ್ಚಿಕೊಂಡು ದಾರದ ಹಾಗಾಗುತ್ತದೆ. ಫಿಸ್ಟುಲಾ ಮಾಡಿಸಲು ರಾಯಚೂರಿಗೋ ಬಳ್ಳಾರಿಗೋ ಹೈದರಾಬಾದಿಗೋ ಹೋದಾಗ ಸರ್ಜನ್ ಕೈಗೆ ಪಟ್ಟಿ ಕಟ್ಟಿ ನೋಡಿ, 'ನರಾನೇ ಇಲ್ಲ' ಅನ್ನುತ್ತಾರೆ. ಮೂತ್ರಪಿಂಡ ಸೊರಗುತ್ತಿದೆ ಎಂದು ಗೊತ್ತಾದ ದಿನದಿಂದ ಎಡಗೈಯ ಮಣಿಕಟ್ಟಿನಿಂದ ಮೇಲೆ ಯಾರೂ ಸೂಜಿ ಹಾಕಬಾರದು. ರಕ್ತ ತೆಗೆಯಬೇಕಾದರೆ ಅಂಗೈ ಹಿಂಭಾಗದಿಂದ ತೆಗೆಯಲಿ. ಎಷ್ಟೇ ಅವಸರವಿದ್ದರೂ ಇದನ್ನು ಹೇಳಲು ನಾಚಿಕೆಪಡಬೇಡಿ.

ಫಿಸ್ಟುಲಾ ಇಲ್ಲದೆ ಉಸಿರುಗಟ್ಟಿ ಬಂದವರಿಗೆ ಕುತ್ತಿಗೆಯ ಬಲಗಡೆಯ ದೊಡ್ಡ ನರದಲ್ಲಿ ಕ್ಯಾಥೆಟರ್ ಎಂಬ ಕೊಳವೆ ಹಾಕುತ್ತಾರೆ. ಅವತ್ತಿನ ಜೀವ ಅದು ಉಳಿಸುತ್ತದೆ. ಆದರೆ ಅದು ಹೃದಯದ ಬಾಗಿಲಿಗೆ ತೆರೆದ ದಾರಿ, ಕೀವು ಒಳಗೆ ಹೋಗುವುದೂ ಅದೇ ದಾರಿಯಲ್ಲಿ. ಪಟ್ಟಿ ತೊಯ್ಯಬಾರದು, ತಲೆಯ ಮೇಲೆ ನೀರು ಸುರಿದುಕೊಳ್ಳಬಾರದು, ಡಯಾಲಿಸಿಸ್ ಸಿಬ್ಬಂದಿ ಬಿಟ್ಟು ಯಾರೂ ಅದರ ಮುಚ್ಚಳ ತೆಗೆಯಬಾರದು. ಯಂತ್ರಕ್ಕೆ ಹಾಕಿದ ಅರ್ಧ ತಾಸಿಗೋ ತಾಸಿಗೋ ಹಲ್ಲು ಕಟಕಟಿಸುವ ಚಳಿ ಬಂದರೆ ಅದು ಏಸಿ ಚಳಿಯಲ್ಲ. ಕ್ಯಾಥೆಟರಿನೊಳಗಿನ ಕ್ರಿಮಿ ರಕ್ತಕ್ಕೆ ಹರಿದಿರಬಹುದು. ಕಂಬಳಿ ಹೊದ್ದು ಸುಮ್ಮನಿರದೆ ತಕ್ಷಣ ಹೇಳಬೇಕು. ಯಾವ ಕ್ರಿಮಿ ಎಂದು ತಿಳಿಯಲು ರಕ್ತ ಕಲ್ಚರಿಗೆ ಕಳಿಸಿ ಆಂಟಿಬಯಾಟಿಕ್ ಶುರು ಮಾಡಬೇಕಾಗುತ್ತದೆ.

ಫಿಸ್ಟುಲಾ ಇದ್ದವರು ದಿನಕ್ಕೆ ಮೂರು ಸಲ ಅದರ ಮೇಲೆ ಬೆರಳಿಟ್ಟು ನೋಡಬೇಕು. ಒಳಗೆ ಜೇನು ಗುಂಯ್‌ಗುಟ್ಟಿದ ಹಾಗೆ ನಡುಕ ಸಿಗಬೇಕು. ಕಿವಿ ಹಚ್ಚಿದರೆ ಸುಯ್ ಸುಯ್ ಎಂದು ಕೇಳಬೇಕು. ನಡುಕ ನಿಂತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಅದೇ ದಿನ ಹೊರಟರೆ ತೆಗೆಯಲು ದಾರಿ ಇರುತ್ತದೆ, ಎರಡು ದಿನ ಕಳೆದರೆ ಬಹಳಷ್ಟು ಸಲ ಆ ಕೈ ಹೋದಂತೆಯೇ. ಹೆಪ್ಪುಗಟ್ಟಲು ಮೂರು ಕಾರಣ ಹೆಚ್ಚಾಗಿ ಕಾಣುತ್ತೇವೆ: ಡಯಾಲಿಸಿಸ್ ಮುಗಿದ ರಾತ್ರಿ ಬಿಪಿ ಇಳಿಯುವುದು, ಆ ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗುವುದು, ಸೂಜಿ ತೆಗೆದ ಜಾಗಕ್ಕೆ ಕಟ್ಟಿದ ಬಿಗಿಪಟ್ಟಿಯನ್ನು ಊರು ಮುಟ್ಟುವವರೆಗೂ ಬಿಚ್ಚದಿರುವುದು. ಹೆಣ್ಣುಮಕ್ಕಳು ಆ ಕೈಯ ಬಳೆ ತೆಗೆಯಬೇಕು ಅಂದಾಗ ಅಳುತ್ತಾರೆ, ಅತ್ತೆಯಂದಿರು ಒಪ್ಪುವುದಿಲ್ಲ. ಬಿಗಿಯಿಲ್ಲದ ಒಂದೆರಡು ಬಳೆ ಇದ್ದರೆ ನಡೆಯುತ್ತದೆ. ಮಣಿಕಟ್ಟು ಹಿಡಿಯುವ ಡಜನ್ ಬಳೆ, ಕಡಗ, ಕೈಗಡಿಯಾರ ಬೇಡ. ತುಂಬಿದ ಕೊಡ, ಕಟ್ಟಿಗೆಯ ಹೊರೆ ಆ ಕೈಗೆ ಬೇಡ. ಬಿಪಿ ಪಟ್ಟಿ ಅಂತೂ ಬೇಡವೇ ಬೇಡ.

ಸೂಜಿ ಚುಚ್ಚುವ ಜಾಗ ಏಣಿ ಹತ್ತಿದ ಹಾಗೆ ಮೇಲೆ ಮೇಲೆ ಹೋಗಬೇಕು. ಒಂದೇ ಜಾಗದಲ್ಲಿ ಚುಚ್ಚಿದರೆ ನೋವು ಕಡಿಮೆ, ಹಾಗಾಗಿ ರೋಗಿಗಳು 'ಅಲ್ಲೇ ಹಾಕ್ರಿ' ಅನ್ನುತ್ತಾರೆ. ಮೂರು ವರ್ಷಕ್ಕೆ ಆ ಜಾಗ ನಿಂಬೆಹಣ್ಣಿನಷ್ಟು ಉಬ್ಬಿ, ಮೇಲಿನ ಚರ್ಮ ಹೊಳೆಯುವಷ್ಟು ತೆಳ್ಳಗಾಗುತ್ತದೆ. ಹೊಳೆಯುವ ಚರ್ಮ ಒಡೆಯುತ್ತದೆ, ಒಡೆದರೆ ರಕ್ತ ಚಿಮ್ಮುತ್ತದೆ.

ಇನ್ನು ನೀರು. ಯಂತ್ರದೊಳಗಿನ ನೀರು ಒಂದು, ಹೊಟ್ಟೆಗೆ ಹೋಗುವ ನೀರು ಇನ್ನೊಂದು.

ರಕ್ತವನ್ನು ಸೋಸುವ ಡಯಲೈಸರ್ ಮೊಳದಷ್ಟೂ ಉದ್ದವಿಲ್ಲದ ಕೊಳವೆ. ಒಳಗೆ ಕೂದಲಿನಂಥ ಸುಮಾರು ಹತ್ತು ಸಾವಿರ ಟೊಳ್ಳು ಎಳೆಗಳು. ಎಳೆಯೊಳಗೆ ರಕ್ತ, ಹೊರಗೆ ಲವಣ ಬೆರೆಸಿದ ನೀರು, ಎದುರುಬದುರು ಹರಿಯುತ್ತವೆ. ನೀರಿನ ಹರಿವು ನಿಮಿಷಕ್ಕೆ 500 ಮಿಲಿ, ನಾಲ್ಕು ತಾಸಿಗೆ 120 ಲೀಟರ್, ವಾರಕ್ಕೆ 360. ನಾವು ಕುಡಿಯುವ ನೀರಿಗೂ ರಕ್ತಕ್ಕೂ ನಡುವೆ ಕರುಳಿದೆ, ಇಲ್ಲಿ ಇರುವುದು ಆ ತೆಳು ಪೊರೆ ಮಾತ್ರ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರು ಗಡುಸು, ಫ್ಲೋರೈಡ್ ಬೇರೆ. ಆದ್ದರಿಂದ ನೀರು ಮರಳಿನ ಸೋಸುಗ, ಗಡಸುತನ ತೆಗೆಯುವ ಸಾಫ್ಟ್‌ನರ್, ಇದ್ದಿಲಿನ ಎರಡು ಟ್ಯಾಂಕು, ಕೊನೆಗೆ ಆರ್‌ಒ ದಾಟಿ ಬರಬೇಕು. ಸಾಫ್ಟ್‌ನರಿಗೆ ಉಪ್ಪು ಹಾಕಿ ತೊಳೆಯುವುದು ತಪ್ಪಿದರೆ ಸುಣ್ಣದ ಅಂಶ ಒಳಗೆ ನುಗ್ಗುತ್ತದೆ, ರೋಗಿಗೆ ತಲೆಸಿಡಿತ, ವಾಂತಿ, ಬಿಪಿ ಏರಿಕೆ. ಇದ್ದಿಲು ಹಳೆಯದಾದರೆ ಕ್ಲೋರಿನ್ ದಾಟುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ. ಪ್ರತಿ ಪಾಳಿಗೆ ಮುಂಚೆ ಕ್ಲೋರಿನ್ ನೋಡಬೇಕು, ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಬ್ರೆಜಿಲ್ಲಿನ ಕರುಆರು ಎಂಬ ಊರಿನಲ್ಲಿ 1996ರಲ್ಲಿ ಪಾಚಿಯ ವಿಷವಿದ್ದ ಜಲಾಶಯದ ನೀರು ಸರಿಯಾಗಿ ಸೋಸದೆ ಯಂತ್ರಕ್ಕೆ ಹೋಗಿ, 50ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳು ಸತ್ತರು. ತುಂಗಭದ್ರೆಯ ಹಿನ್ನೀರು ಒಂದೊಂದು ವರ್ಷ ಹಸಿರು ತಿರುಗುವುದನ್ನು ನೋಡಿದ ನಮಗೆ ಆ ಸುದ್ದಿ ದೂರದ್ದು ಅನ್ನಿಸುವುದಿಲ್ಲ. ನಿಮ್ಮ ಘಟಕದಲ್ಲಿ ನೀರಿನ ಪರೀಕ್ಷೆಯ ಪುಸ್ತಕ ಇದೆಯೇ, ಇವತ್ತಿನ ಸಾಲು ತುಂಬಿದೆಯೇ ಎಂದು ಕೇಳುವ ಹಕ್ಕು ರೋಗಿಯ ಮನೆಯವರಿಗಿದೆ.

ಹೊಟ್ಟೆಗೆ ಹೋಗುವ ನೀರಿನ ಮಾತು ತಕ್ಕಡಿಯಿಂದ ಶುರುವಾಗುತ್ತದೆ. ಬೆಳಗಿನ ಆರೂವರೆ, ಮೊದಲ ಪಾಳಿ.

"ಎಷ್ಟ್ ಏರೈತ್ರಿ ಯಜಮಾನ್ರ?"

"ನಾಕು ಇರ್ಬೇಕ್ ನೋಡ್ರಿ."

"ನೀರು ಭಾಳ ಕುಡದ್ರೇನು?"

"ನೀರು ಮುಟ್ಟಿಲ್ರಿ. ಬರೇ ಮಜ್ಜಿಗಿ ಕುಡದೀನಿ."

ಇದು ಸುಳ್ಳಲ್ಲ. ಮಜ್ಜಿಗೆಯನ್ನು ನೀರು ಎಂದು ಯಾರೂ ಎಣಿಸುವುದಿಲ್ಲ. ಅಂಬಲಿ, ಚಹಾ, ಸಾರು, ಹಾಲು, ಐಸ್‌ಕ್ರೀಮ್, ಕಲ್ಲಂಗಡಿ, ಮಾತ್ರೆ ನುಂಗಲು ಕುಡಿದ ಗುಟುಕು, ಎಲ್ಲವೂ ನೀರೇ. ಮೂತ್ರ ನಿಂತವರಲ್ಲಿ ಒಳಗೆ ಹೋದ ಒಂದು ಲೀಟರ್ ಎಂದರೆ ತಕ್ಕಡಿಯ ಮೇಲೆ ಒಂದು ಕಿಲೋ. ಒಳಗೆ ಹೆಚ್ಚು ನೀರಿಲ್ಲದಾಗಿನ ತೂಕಕ್ಕೆ ಡ್ರೈ ವೇಟ್ ಎನ್ನುತ್ತೇವೆ. ಕಾಲಲ್ಲಿ ಬಾವಿಲ್ಲ, ಮಲಗಿದರೆ ದಮ್ಮಿಲ್ಲ, ಬಿಪಿ ಹಿಡಿತದಲ್ಲಿದೆ, ಸೆಳೆತವೂ ಬಂದಿಲ್ಲ ಎಂಬ ಹಂತದ ತೂಕ ಅದು. ಡ್ರೈ ವೇಟ್ 52 ಕಿಲೋ ಇರುವ ಒಬ್ಬರನ್ನು ತಗೊಳ್ಳಿ. ಎರಡು ಸರದಿಗಳ ನಡುವೆ ಏರುವ ತೂಕ ಡ್ರೈ ವೇಟಿನ ನೂರಕ್ಕೆ ನಾಲ್ಕರಷ್ಟರೊಳಗೆ, ಅಂದರೆ ಎರಡು ಕಿಲೋ ಆಸುಪಾಸಿನಲ್ಲಿ ಇರಬೇಕು. ಯಂತ್ರ ತಾಸಿಗೆ ಕಿಲೋ ತೂಕಕ್ಕೆ 10 ಮಿಲಿಯಂತೆ ಎಳೆದರೆ ನಾಲ್ಕು ತಾಸಿಗೆ 2,080 ಮಿಲಿ, ಹೃದಯ ಅದನ್ನು ತಾಳಿಕೊಳ್ಳುತ್ತದೆ. 13 ಮಿಲಿಗಿಂತ ಮೇಲೆ ಅಪಾಯ. ಇವರು ನಾಲ್ಕು ಕಿಲೋ ಏರಿಸಿಕೊಂಡು ಬಂದರೆ ಅದೇ ಲೆಕ್ಕ 19 ಮಿಲಿಗೆ ಹೋಗುತ್ತದೆ. ಯಂತ್ರ ರಕ್ತನಾಳದೊಳಗಿನ ನೀರನ್ನು ಮಾತ್ರ ಎಳೆಯಬಲ್ಲದು. ಕಾಲು, ಹೊಟ್ಟೆ, ಶ್ವಾಸಕೋಶದ ನೀರು ನಾಳಕ್ಕೆ ಬರಲು ಹೊತ್ತು ಬೇಕು. ಬರುವುದಕ್ಕಿಂತ ಬೇಗ ಎಳೆದರೆ ನಾಳ ಬರಿದಾಗಿ ಬಿಪಿ ಕುಸಿಯುತ್ತದೆ. ಪ್ರತಿ ಸಲ ಹೀಗಾದರೆ ಹೃದಯದ ಸ್ನಾಯು ಸ್ವಲ್ಪ ಸ್ವಲ್ಪವೇ ಬಾಡುತ್ತ ಹೋಗುತ್ತದೆ.

ಹಾಗಾದರೆ ದಿನಕ್ಕೆ ಎಷ್ಟು ಕುಡಿಯಬೇಕು? ಒಂದು ಹಗಲು ಒಂದು ರಾತ್ರಿ ಬರುವ ಮೂತ್ರವನ್ನು ಹಳೆಯ ಬಾಟಲಿಯಲ್ಲಿ ಅಳೆಯಿರಿ. ಅದಕ್ಕೆ 500 ಮಿಲಿ ಕೂಡಿಸಿ. ಮೂತ್ರವೇ ಇಲ್ಲದಿದ್ದರೆ 500ರಿಂದ 750 ಮಿಲಿ. ಬೆಳಿಗ್ಗೆ ಆ ಅಳತೆಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಡಿ. ಚಹಾ ಕುಡಿದರೆ ಅಷ್ಟು ನೀರು ಬಾಟಲಿಯಿಂದ ಚೆಲ್ಲಿ. ಮಜ್ಜಿಗೆ ಕುಡಿದರೂ ಚೆಲ್ಲಿ. ಬಾಟಲಿ ಬರಿದಾಯಿತೆಂದರೆ ಅವತ್ತಿನ ಪಾಲು ಮುಗಿಯಿತು. ಓದುಬರಹ ಬಾರದ ಮುದುಕಿಯರೂ ಈ ಲೆಕ್ಕವನ್ನು ತಪ್ಪಿಲ್ಲದೆ ಹಿಡಿಯುತ್ತಾರೆ, ಬರೆದುಕೊಟ್ಟ ಚೀಟಿಗಿಂತ ಇದು ಎಷ್ಟೋ ಮೇಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ಮುಟ್ಟಿದಾಗ ಬೆವರಿನಲ್ಲಿ ಒಂದಷ್ಟು ಹೋಗುವುದು ನಿಜ. ಎಷ್ಟು ಹೋಯಿತು ಎಂದು ಅಂದಾಜಿನಲ್ಲಿ ಕುಡಿಯಬೇಡಿ, ಮನೆಯ ತಕ್ಕಡಿಯನ್ನು ಕೇಳಿ. ಗಟ್ಟಿ ನೆಲದ ಮೇಲಿಟ್ಟು, ದಿನಾ ಬೆಳಿಗ್ಗೆ ಅದೇ ಬಟ್ಟೆಯಲ್ಲಿ ನಿಂತು ನೋಡಿದರೆ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ಏರಿರಬಾರದು.

ಬಾಯಾರಿಕೆಯನ್ನು ಮನಸ್ಸು ಗಟ್ಟಿ ಮಾಡಿಕೊಂಡು ಗೆಲ್ಲಲು ಆಗುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವುದು ಇಲ್ಲಿ ಗಾದೆಯಲ್ಲ, ಲೆಕ್ಕ. ಸಲೈನ್ ಬಾಟ್ಲಿಯ ಮೇಲೆ 0.9% ಎಂದು ಬರೆದಿರುತ್ತದಲ್ಲ, ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ರಕ್ತದ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಮೂತ್ರವಿಲ್ಲದವರು 9 ಗ್ರಾಂ ಉಪ್ಪು ತಿಂದರೆ ಮೈ ಒಂದು ಲೀಟರ್ ನೀರು ಕೇಳುತ್ತದೆ, ಸಿಗುವವರೆಗೆ ನಾಲಿಗೆ ಒಣಗಿಸುತ್ತದೆ. ದಿನಕ್ಕೆ 5 ಗ್ರಾಂ, ಸಮ ಮಾಡಿದ ಒಂದು ಟೀ ಚಮಚ, ಅಷ್ಟೇ ಮಿತಿ. ಬೆಳಿಗ್ಗೆ ಅಷ್ಟನ್ನು ಒಂದು ಡಬ್ಬಿಗೆ ಹಾಕಿಟ್ಟು ಅವರ ಪಲ್ಯಕ್ಕೂ ಬೇಳೆಗೂ ಅದರಿಂದಲೇ ಉದುರಿಸಬೇಕು. ನಮ್ಮ ಪುಣ್ಯಕ್ಕೆ ಜೋಳದ ರೊಟ್ಟಿಗೆ ಉಪ್ಪು ಬೀಳುವುದಿಲ್ಲ. ಕೆಡಿಸುವುದು ರೊಟ್ಟಿಯ ಪಕ್ಕದಲ್ಲಿರುವುದು: ಕೆಂಪು ಚಟ್ನಿ, ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಜೆಯ ಒಗ್ಗರಣಿ ಮಿರ್ಚಿ. ಸಪ್ಪೆ ಊಟಕ್ಕೆ ನಿಂಬೆಹುಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನ ಪುಡಿ ಹಾಕಿ ರುಚಿ ತರಬಹುದು, ಎರಡು ಮೂರು ವಾರಕ್ಕೆ ನಾಲಿಗೆ ಒಗ್ಗುತ್ತದೆ. ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದನ್ನು ಮಾತ್ರ ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ, ಅದು ಇನ್ನೂ ಕೇಡು. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಿದರೂ ಬಾಯಾರಿಕೆ ಹೆಚ್ಚುತ್ತದೆ.

ಪೊಟ್ಯಾಸಿಯಂ ಕೊಲ್ಲುವಾಗ ಹೇಳಿ ಕೇಳಿ ಕೊಲ್ಲುವುದಿಲ್ಲ. ನೀರು ಹೆಚ್ಚಾದರೆ ದಮ್ಮು ಬರುತ್ತದೆ, ಓಡಿ ಬರಲು ಹೊತ್ತಿರುತ್ತದೆ. ಪೊಟ್ಯಾಸಿಯಂ ಹೆಚ್ಚಾದರೆ ಕಾಲು ಸೋತಂತಾಗಿ, ಎದೆಬಡಿತ ನಿಧಾನವಾಗಿ, ಹೃದಯ ನಿಲ್ಲುತ್ತದೆ. ದಿನಕ್ಕೆ 2,000ದಿಂದ 2,500 ಮಿಲಿಗ್ರಾಂ ಮಿತಿ. ಒಂದು ಎಳನೀರಿನಲ್ಲಿಯೇ 600 ಆಚೀಚೆ, ಒಂದು ಬಾಳೆಹಣ್ಣಿನಲ್ಲಿ 400. ಬೇಸಿಗೆಯಲ್ಲಿ ರೋಗಿಯನ್ನು ನೋಡಲು ಬಂದವರು ಪ್ರೀತಿಯಿಂದ ತರುವುದು ಎಳನೀರನ್ನೇ, ಬಳ್ಳಾರಿ ಕಡೆಯವರಾದರೆ ಒಣ ಅಂಜೂರ. ಮನೆಯವರು ಬಾಗಿಲಲ್ಲೇ ಹೇಳಿಬಿಡಬೇಕು. ಸೇಬು, ಅನಾನಸಿನ ಒಂದೆರಡು ಹೋಳು ನಡೆಯುತ್ತದೆ.

ಕಾಯಿಪಲ್ಯ ಮಾಡುವ ಬಗೆ ಬದಲಾಗಬೇಕು. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಬೆಚ್ಚಗಿನ ಸಾಕಷ್ಟು ನೀರಿನಲ್ಲಿ ಎರಡು ತಾಸು ನೆನೆಸಿ ಚೆಲ್ಲಬೇಕು. ಆಮೇಲೆ ಐದು ಪಟ್ಟು ಹೊಸ ನೀರಿನಲ್ಲಿ ಕುದಿಸಿ ಬಸಿಯಬೇಕು. ಕುಕ್ಕರಿನಲ್ಲಿ ಸ್ವಲ್ಪ ನೀರು ಹಾಕಿ ಕೂಗಿಸಿದರೆ ಏನೂ ಹೊರಗೆ ಹೋಗುವುದಿಲ್ಲ. ಇಲ್ಲಿ ಒಂದು ತಪ್ಪು ನಮ್ಮ ಅಡುಗೆಯ ಜಾಣತನದಿಂದಲೇ ಆಗುತ್ತದೆ. ಬೇಳೆ, ಸೊಪ್ಪು ಬಸಿದ ನೀರನ್ನು ಚೆಲ್ಲುವುದು ನಮಗೆ ಗೊತ್ತಿಲ್ಲ, ಅದಕ್ಕೆ ಒಗ್ಗರಣೆ ಕೊಟ್ಟು ಕಟ್ಟಿನ ಸಾರು ಮಾಡುತ್ತೇವೆ. ತೆಗೆದ ಪೊಟ್ಯಾಸಿಯಂ ಎಲ್ಲ ಆ ಕಟ್ಟಿನಲ್ಲಿದೆ. ಮನೆಮಂದಿ ಉಣ್ಣಲಿ, ರೋಗಿಯ ತಟ್ಟೆಗೆ ಬೇಡ. ಪುಂಡಿಪಲ್ಯದ ಆಸೆ ಬಿಡಲಾಗದವರು ಡಯಾಲಿಸಿಸ್ ಆಗುವ ದಿನ ಬೆಳಿಗ್ಗೆ, ಬಸಿದು ಹಿಂಡಿದ್ದನ್ನು ಎರಡು ಚಮಚ ತಿನ್ನಲಿ. ಕಾಲಿನ ಶಕ್ತಿ ಉಡುಗಿದಂತಾದರೆ ಸರದಿಯ ದಿನಕ್ಕೆ ಕಾಯಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ. ಅದು ಕೆಟ್ಟಿದ್ದರೆ ಅಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟು ಹೃದಯ ಕಾಯ್ದುಕೊಂಡು ಡಯಾಲಿಸಿಸ್‌ಗೆ ಕಳಿಸುತ್ತಾರೆ.

ಎಲ್ಲಕ್ಕಿಂತ ಕಠಿಣ ಹೊತ್ತು ಉದ್ದನೆಯ ಬಿಡುವು. ಸೋಮ, ಬುಧ, ಶುಕ್ರದವರಿಗೆ ಶುಕ್ರವಾರ ಹನ್ನೊಂದಕ್ಕೆ ಮುಗಿದರೆ ಮುಂದಿನದು ಸೋಮವಾರ ಏಳಕ್ಕೆ, ನಡುವೆ 68 ತಾಸು. ಡಯಾಲಿಸಿಸ್ ಮೇಲಿರುವವರಲ್ಲಿ ಹಠಾತ್ ಸಾವು ಹೆಚ್ಚಾಗುವುದು ಈ ಬಿಡುವಿನ ಕೊನೆಗೆ. ಮದುವೆ, ಜಾತ್ರೆ, ಬೀಗರೂಟ ಎಲ್ಲ ಬೀಳುವುದೂ ಭಾನುವಾರ. ಊಟಕ್ಕೆ ಕೂತಾಗ 'ಒಂದಿನಕ್ಕ ಏನಾಗ್ತೈತಿ, ಉಣ್ಣಪಾ' ಎಂದು ನೀಡುವವರು ಒಳ್ಳೆಯ ಮನಸ್ಸಿನವರೇ. ಆದರೆ ಅಂದು ನೀಡಿದ ಹಪ್ಪಳ, ಸಾರು, ಬಾಳೆಹಣ್ಣು ಆಗಲೇ ತುಂಬಿದ ಕೊಡಕ್ಕೆ ಬೀಳುತ್ತವೆ. ಮದುವೆಗೆ ಹೋಗಲೇಬೇಕಿದ್ದರೆ ಶನಿವಾರ ನೀರನ್ನು ಬಿಗಿ ಮಾಡಿ, ಭಾನುವಾರ ಅನ್ನ, ಹೋಳಿಗೆಯ ಚೂರು ತಿಂದು ಎದ್ದುಬಿಡುವುದು ವಾಸಿ. ವಾರಕ್ಕೆ ಮೂರನ್ನು ಎರಡಕ್ಕೆ ಇಳಿಸಿಕೊಳ್ಳುವವರು ಬಹಳ ಜನ. ಡಯಾಲಿಸಿಸ್ ಉಚಿತವಾದರೂ ಬಸ್ಸಿನ ಖರ್ಚು, ಸಂಗಡ ಬರುವವರ ಕೂಲಿ ಉಚಿತವಲ್ಲ. ಅವರ ಕಷ್ಟ ನಮಗೆ ಗೊತ್ತು. ಆದರೆ ವಾರಕ್ಕೆ ಎರಡೇ ಆದರೆ ಇಂಥ ಉದ್ದನೆಯ ಬಿಡುವು ಒಂದರ ಬದಲು ಎರಡಾಗುತ್ತದೆ.

ಯಂತ್ರದ ಮೇಲಿನ ನಾಲ್ಕು ತಾಸಿನಲ್ಲಿ ರೋಗಿ ಮಾಡಬೇಕಾದ್ದು ಸ್ವಲ್ಪ. ಬಿಪಿ ಮಾತ್ರೆಯನ್ನು ಅಂದು ಬೆಳಿಗ್ಗೆ ನುಂಗಬೇಕೋ ಬೇಡವೋ ಎಂದು ಡಾಕ್ಟರಲ್ಲಿ ಮೊದಲೇ ಕೇಳಿಕೊಳ್ಳಿ. ನಡುವೆ ಹೊಟ್ಟೆ ತುಂಬ ಉಣ್ಣಬೇಡಿ, ರಕ್ತ ಹೊಟ್ಟೆಗೆ ಓಡಿ ಬಿಪಿ ಇಳಿಯುತ್ತದೆ. ಆಕಳಿಕೆ ಮೇಲೆ ಆಕಳಿಕೆ ಬಂದರೆ ನಿದ್ದೆ ಎಂದುಕೊಳ್ಳಬೇಡಿ. ಬಿಪಿ ಕುಸಿಯುವ ಮೊದಲ ಸುಳಿವು ಅದೇ, ಬೆವರು, ಕಣ್ಣು ಕತ್ತಲೆ ಆಮೇಲೆ. ಆಗಲೇ ಹೇಳಿದರೆ ನೀರೆಳೆಯುವುದನ್ನು ನಿಲ್ಲಿಸಿ, ಕಾಲು ಮೇಲೆ ಮಾಡಿ, 100-200 ಮಿಲಿ ಸಲೈನ್ ಬಿಟ್ಟರೆ ಸರಿಹೋಗುತ್ತದೆ. ಸೂಜಿ ಇರುವ ಕೈಯನ್ನು ಚಾದರದ ಒಳಗೆ ಇಡಬೇಡಿ. ರಕ್ತ ತಿರುಗಿ ಒಳಹೋಗುವ ಸೂಜಿ ಜಾರಿದರೆ ನಿಮಿಷಕ್ಕೆ 300 ಮಿಲಿ ಹಾಸಿಗೆಗೆ ಹರಿಯುತ್ತದೆ, ಯಂತ್ರದ ಗಂಟೆ ಒಮ್ಮೊಮ್ಮೆ ಬಾರಿಸುವುದೇ ಇಲ್ಲ. ಮೈಯಲ್ಲಿರುವ ರಕ್ತ ನಾಲ್ಕೈದು ಲೀಟರ್ ಮಾತ್ರ. ಕರೆಂಟ್ ಹೋದರೆ ಗಾಬರಿ ಬೇಡ. ಪಂಪಿಗೆ ಬ್ಯಾಟರಿ ಇರುತ್ತದೆ, ಅದೂ ಕೈಕೊಟ್ಟರೆ ಹಿಡಿಕೆ ಹಾಕಿ ಕೈಯಿಂದ ತಿರುಗಿಸಿ ರಕ್ತ ಒಳಗೆ ಬಿಡುತ್ತೇವೆ.

'ಅರ್ಧ ತಾಸು ಮೊದ್ಲ ಬಿಡ್ರಿ, ಬಸ್ ಹೋಗ್ತೈತಿ' ಎಂದು ದಿನಾ ಯಾರಾದರೂ ಕೇಳುತ್ತಾರೆ. ಅರ್ಧ ತಾಸು ವಾರಕ್ಕೆ ಮೂರು ಸಲ, ವರ್ಷಕ್ಕೆ 78 ತಾಸು. ಅಂದರೆ ಹತ್ತೊಂಬತ್ತು ಪೂರ್ತಿ ಡಯಾಲಿಸಿಸ್ ಬಿಟ್ಟಂತೆ. ಬಸ್ಸು ಇನ್ನೊಂದು ಬರುತ್ತದೆ. ಸೋಸಿದ್ದು ಸಾಲುತ್ತಿದೆಯೇ ಎಂದು ತಿಂಗಳಿಗೊಮ್ಮೆ ಮುಂಚೆ ಮತ್ತು ಮುಗಿದ ಮೇಲೆ ರಕ್ತದಲ್ಲಿನ ಯೂರಿಯಾ ಎಂಬ ಕಸ ಎಷ್ಟಿದೆ ಎಂದು ನೋಡುತ್ತಾರೆ. ನೂರರಲ್ಲಿ 65 ಪಾಲಾದರೂ ಇಳಿದಿರಬೇಕು.

ಮಾಂಸಖಂಡ ಕರಗುವುದು ಕಣ್ಣಿಗೆ ಬೀಳದ ಕೇಡು. ಡಯಾಲಿಸಿಸ್‌ಗೆ ಮುಂಚೆ ಡಾಕ್ಟರು ಬೇಳೆ, ಮೊಟ್ಟೆ ಕಡಿಮೆ ಮಾಡಿ ಅಂದಿರುತ್ತಾರೆ. ಶುರುವಾದ ಮೇಲೆ ಆ ಪಥ್ಯ ತಿರುವುಮುರುವು. ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, 52 ಕಿಲೋದವರಿಗೆ 52ರಿಂದ 62 ಗ್ರಾಂ. ಒಂದು ಮೊಟ್ಟೆಯ ಬಿಳಿಭಾಗದಲ್ಲಿ ಮೂರೂವರೆ ಗ್ರಾಂ ಇದೆ, ದಿನಕ್ಕೆ ಮೂರು ನಾಲ್ಕು ತಿಂದರೆ ಒಳ್ಳೆಯದು. ಹಳೆಯ ಪಥ್ಯವನ್ನೇ ಹಿಡಿದವರ ತೊಡೆ, ತೋಳು ಸೊರಗಿ ಎರಡು ಕಿಲೋ ಇಳಿದಿರುತ್ತದೆ, ಆ ಜಾಗದಲ್ಲಿ ಎರಡು ಕಿಲೋ ನೀರು ಕೂತಿರುತ್ತದೆ. ತಕ್ಕಡಿ ಅದೇ 52 ತೋರಿಸುತ್ತದೆ, ರೋಗಿಗೆ ಮಾತ್ರ ರಾತ್ರಿ ದಮ್ಮು. ಡ್ರೈ ವೇಟನ್ನು ಆಗಾಗ ಹೊಸದಾಗಿ ನೋಡಬೇಕಾದ್ದು ಇದಕ್ಕೇ. ಊಟದಲ್ಲಿನ ಫಾಸ್ಫರಸ್ ಹಿಡಿಯುವ ಮಾತ್ರೆಯನ್ನು ಊಟದ ನಡುವೆ ನುಂಗಬೇಕು, ಉಂಡು ಎದ್ದ ಮೇಲೆ ನುಂಗಿದರೆ ಅದಕ್ಕೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ರಕ್ತ ಹೆಚ್ಚಿಸುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಹೊರಗಿನ ಅಂಗಡಿಯಿಂದ ತರುವವರು ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ, ಸಿರಿಂಜನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದರೂ ಹಾಳು, ಬಿಸಿಲಿಗೆ ಬೆಚ್ಚಗಾದರೂ ಹಾಳು. ಹಿಮೋಗ್ಲೋಬಿನ್ ಇಳಿದಾಗ ರಕ್ತದ ಬಾಟ್ಲಿ ಏರಿಸುವುದು ಸುಲಭ. ಆದರೆ ಪರರ ರಕ್ತ ಮೈಯಲ್ಲಿ ಪ್ರತಿಕಾಯ ಎಬ್ಬಿಸುತ್ತದೆ, ಮುಂದೆ ಮೂತ್ರಪಿಂಡ ಕಸಿಗೆ ಹೊಂದುವವರು ಸಿಗುವುದು ಕಷ್ಟವಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಡಯಾಲಿಸಿಸ್‌ನವರಿಗೆ ಇಮ್ಮಡಿ, 40 ಮೈಕ್ರೊಗ್ರಾಂ, ಶುರುವಿನಲ್ಲಿ, ಒಂದನೇ, ಎರಡನೇ, ಆರನೇ ತಿಂಗಳಲ್ಲಿ.

ಬಿಪಿಎಲ್ ಕಾರ್ಡಿನವರಿಗೆ 2016ರಲ್ಲಿ ಬಂದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಸರ್ಕಾರಿ ಘಟಕಗಳಲ್ಲಿ ದುಡ್ಡು ಕೊಡಬೇಕಿಲ್ಲ. ಮೆದುಳು ಸತ್ತ ದಾನಿಯ ಮೂತ್ರಪಿಂಡಕ್ಕೆ ಅಂಗದಾನ ನೋಡಿಕೊಳ್ಳುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು, ಕಸಿ ಮಾಡುವ ಆಸ್ಪತ್ರೆಯ ಮೂಲಕ. ಹೆಸರು ಬರೆಸಿ ಮರೆಯಬೇಡಿ. ಕರೆ ಬಂದಾಗ ಮೈಯಲ್ಲಿ ಕೀವಿರಬಾರದು, ಹೃದಯ ಗಟ್ಟಿಯಿರಬೇಕು. ಅಂದರೆ ಕಾಯುವ ವರ್ಷಗಳಲ್ಲೂ ಈ 156 ತಾಸಿನ ಲೆಕ್ಕವೇ.

ಮುಗಿದ ದಿನ ಬಸ್ಸು ಹತ್ತುವ ಮುಂಚೆ ಚೀಲದಲ್ಲಿ ಇಷ್ಟಿರಲಿ: ಒಂದು ಪೊಟ್ಟಣ ಗಾಜ್ ಬಟ್ಟೆ, ಅಂಟುಪಟ್ಟಿ, ಡ್ರೈ ವೇಟ್ ಬರೆದ ಚೀಟಿ. ಸೂಜಿ ತೆಗೆದ ಜಾಗಕ್ಕೆ ಕಟ್ಟಿದ ಪಟ್ಟಿಯನ್ನು ತಾಸಿನೊಳಗೆ ಸಡಿಲಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಹೆಪರಿನ್ ಔಷಧ ಇಳಿಯದೆ ದಾರಿಯಲ್ಲಿ ಮತ್ತೆ ರಕ್ತ ಬಂದರೆ ಟವೆಲ್ ಸುತ್ತಬೇಡಿ. ಟವೆಲ್ ರಕ್ತ ಹೀರುತ್ತದೆ, ನಿಲ್ಲಿಸುವುದಿಲ್ಲ. ಗಾಜ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ರಂಧ್ರದ ಮೇಲಿಟ್ಟು, ಎರಡು ಬೆರಳಿನಿಂದ, ಕೆಳಗಿನ ನಡುಕ ಬೆರಳಿಗೆ ಸಿಗುವಷ್ಟೇ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ ಹದಿನೈದು ನಿಮಿಷ. ನಡುವೆ ಎತ್ತಿ ನೋಡಬೇಡಿ, ನೋಡಿದರೆ ಮತ್ತೆ ಮೊದಲಿನಿಂದ ಹದಿನೈದು.